ಆಟಿ ತಿಂಗಳಲ್ಲಿ ಸುತ್ತಿದ ಡೈನಮೋ

ಮದುವೆಯಾದ ಮೊದಲ ಆಟಿಯಲ್ಲಿ ಗಂಡ ಹೆಂಡತಿಯ ಮುಖ ನೋಡಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಮಳೆಗಾಲದ ನಡುವಿನ ಆ ತಿಂಗಳು ಹೊಸ ಮದುಮಗಳು ತಾಯಿಮನೆಗೆ ಬಂದು ಕೂರಬೇಕು. ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆ ಗಂಡನ ಕಡೆಯವರು ಬಂದು ಕರೆದುಕೊಂಡು ಹೋಗಬೇಕು. ಇದನ್ನು ಯಾರು ಮಾಡಿದರೋ ಯಾಕೆ ಮಾಡಿದರೋ ನನಗೆ ಗೊತ್ತಿಲ್ಲ. ತಿನ್ನಲಿಕ್ಕೆ ಕಡಿಮೆ ಇರುವ ತಿಂಗಳಲ್ಲಿ ಮನೆಯಲ್ಲಿ ಒಂದು ಬಾಯಿ ಕಡಿಮೆಯಾಗಲಿ ಎಂದು ಯಾರೋ ಜಾಣ ಅತ್ತೆ ಮಾಡಿರಬೇಕು ಎಂದು ನನ್ನ ಅನುಮಾನ. ಅಂತೂ ಅರವತ್ತರ ದಶಕದ ಮೊದಲ ವರ್ಷಗಳ ಒಂದು ಆಟಿಯಲ್ಲಿ ನಾನು ನರಿಕೊಂಬಿನ ನಮ್ಮ ಮನೆಯ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದೆ.

ಆಗ ಇವರು ಬಂದರು. ಇವರು ಎಂದರೆ ನನ್ನ ಗಂಡ. ಹೆಸರು ಹೇಳುವ ಅಭ್ಯಾಸ ಆಗಲೂ ಇರಲಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಮಾಡಿಕೊಳ್ಳುವ ಆಸೆಯೂ ಇಲ್ಲ. ಪಾಣೆಮಂಗಳೂರು ಸೇತುವೆಯ ಹತ್ತಿರ ಬಸ್ಸಿಳಿದು ನಡೆದುಕೊಂಡು ಬಂದಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗೋಣಿಚೀಲ. ಚೀಲದ ಭಾರಕ್ಕೆ ಒಂದು ಭುಜ ಕೆಳಗೆ ಇಳಿದಿತ್ತು. ಅಮ್ಮ ಅದನ್ನು ಹಲಸಿನ ಹಣ್ಣು ಎಂದುಕೊಂಡು ಎದ್ದು ಬಂದಳು. ಆಟಿಯಲ್ಲಿ ಯಾಕೆ ಬಂದದ್ದು ಎಂದು ಅಳಿಯನ ಮುಖಕ್ಕೆ ಹೊಡೆದ ಹಾಗೆ ಕೇಳುವುದು ಹೇಗೆ? ಸುತ್ತಿ ಬಳಸಿ ಕೇಳಿದಳು.

"ಎಂತದಾದರೂ ವಿಶೇಷ ಉಂಟಾ?"

"ವಿಶೇಷ ಎಂತ ಇಲ್ಲ ಅತ್ತೆ. ಡೈನಮೋ ಸುಟ್ಟು ಹೋಗಿದೆ" ಎಂದರು ಇವರು.

ಅಮ್ಮ ಅದು ಯಾರದೋ ಮನೆಯ ಹೆಸರಿರಬೇಕೆಂದು ತಿಳಿದು, "ಅಯ್ಯೋ ಪಾಪ, ಯಾರಿಗೂ ಏನೂ ಆಗಲಿಲ್ಲ ಅಲ್ವಾ?" ಎಂದಳು. ಇವರು ಚೀಲ ಬಿಚ್ಚಿ ತೋರಿಸಿದ ಮೇಲೆ ಅವಳಿಗೆ ನಗಬೇಕೋ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ. ಮೊಣಕೈ ಉದ್ದದ ಒಂದು ಕಬ್ಬಿಣದ ಉರುಟು ಡಬ್ಬಿ, ಒಂದು ತುದಿಯಲ್ಲಿ ಚಕ್ರ. ಎಣ್ಣೆ, ಧೂಳು, ಸುಟ್ಟ ಬಟ್ಟೆಯ ವಾಸನೆ.

ಇವರಿಗೆ ಬೆಳ್ತಂಗಡಿಯಲ್ಲಿ ಒಂದು ಬಾಡಿಗೆ ಕಾರು ಇತ್ತು. ಇವರ ಕೈಗೆ ಬರುವ ಮೊದಲು ಎಷ್ಟು ಜನರ ಕೈ ದಾಟಿತ್ತೋ, ಬಾಗಿಲಿನ ಬಣ್ಣ ಒಂದು, ಮೈಯ ಬಣ್ಣ ಇನ್ನೊಂದು. ಮದುವೆಯ ಪಾರ್ಟಿ, ಆಸ್ಪತ್ರೆಗೆ ಹೋಗುವವರು, ಮೂಡಬಿದ್ರೆಯ ಬಸದಿ ನೋಡಲು ಹೊರಟ ಪರವೂರಿನವರು, ಹೀಗೆ ಸಿಕ್ಕಿದವರನ್ನು ಹತ್ತಿಸಿಕೊಂಡು ಇವರು ಜೀವನ ಮಾಡುತ್ತಿದ್ದರು. ಆ ಕಾರಿನ ಡೈನಮೋ ಆಟಿಯ ಮೊದಲ ವಾರದಲ್ಲೇ ಹೊಗೆ ಬಿಟ್ಟು ನಿಂತಿತ್ತು. ಇಂಜಿನು ತಿರುಗುವಾಗ ಅದರ ಬೆಲ್ಟಿನಿಂದ ಡೈನಮೋ ತಿರುಗಬೇಕು, ಡೈನಮೋ ಬ್ಯಾಟರಿಗೆ ಚಾರ್ಜು ತುಂಬಬೇಕು. ಅದಿಲ್ಲದಿದ್ದರೆ ಬ್ಯಾಟರಿ ಸ್ವಲ್ಪ ದೂರದಲ್ಲೇ ಬರಿದಾಗುತ್ತದೆ. ಆಮೇಲೆ ದೀಪ ಇಲ್ಲ, ಹಾರ್ನ್ ಇಲ್ಲ, ಕೊನೆಗೆ ಇಂಜಿನೂ ಇಲ್ಲ. ಇಷ್ಟನ್ನು ನಾನು ಆ ಜಗಲಿಯಲ್ಲಿ ಕಲಿತೆ.

ಮಂಗಳೂರಿನ ಅಂಗಡಿಯಲ್ಲಿ ಡೈನಮೋದ ಒಳಗಿನ ತಂತಿಯ ಸುರುಳಿ ಹೊಸದು ಮದ್ರಾಸಿನಿಂದ ಬರಬೇಕು, ದೀಪಾವಳಿಗೆ ಬಂದರೂ ಬಂದೀತು ಎಂದಿದ್ದರಂತೆ. ಹಿಂದೊಮ್ಮೆ ಹಾರ್ನಿನ ಸುರುಳಿಯನ್ನು ಇವರು ತಾವೇ ಸುತ್ತಲು ನೋಡಿ ತಂತಿ ಹರಿದುಕೊಂಡಿದ್ದರು. ಸ್ಟೇರಿಂಗು ಹಿಡಿಯುವ ಕೈ ಅದು, ಕೂದಲಿನಂಥ ತಂತಿಗೆ ಆಗಿ ಬರುವುದಿಲ್ಲ.

"ನೂಲು ಹರಿಯದ ಹಾಗೆ ಸುತ್ತುವವರು ನಮ್ಮಲ್ಲಿ ಯಾರಪ್ಪ ಅಂತ ಯೋಚನೆ ಮಾಡಿದೆ" ಎಂದು ನನ್ನ ಮೊರದ ಕಡೆ ನೋಡಿದರು.

ಒಳ್ಳೆಯ ಮಾತೇ. ಆದರೆ ಅಮ್ಮನ ಮುಖ ನೋಡಬೇಕಿತ್ತು. ಪಕ್ಕದ ಮನೆಯ ಹೆಂಗಸರಂತೂ ಬೇಲಿಯ ಹತ್ತಿರ ಸೊಪ್ಪು ಕೀಳುವ ನೆವದಲ್ಲಿ ನಿಂತು, "ಅಳಿಯನಿಗೆ ಆಟಿಯಲ್ಲೂ ಕಾರಿನದ್ದೇ ಚಿಂತೆ ಅಲ್ವಾ ಮಾರಾಯ್ತಿ" ಎಂದು ಗಟ್ಟಿಯಾಗಿಯೇ ಮಾತಾಡಿಕೊಂಡರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿ ಹೆಚ್ಚಾಗಿತ್ತು.

ತೀರ್ಪು ಕೊಟ್ಟವರು ಮಾವ. ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನರು. ನಮ್ಮದು ಅಳಿಯಸಂತಾನದ ಮನೆ; ಆಸ್ತಿ ಹೆಣ್ಣಿನ ಕಡೆಯಿಂದ ಬರುವುದು, ಯಜಮಾನಿಕೆ ಸೋದರಮಾವನದು. ನನ್ನ ಕಾಲಕ್ಕೆ ಹುಡುಗಿಯರು ಗಂಡನ ಮನೆಗೆ ಹೋಗಿ ಸಂಸಾರ ಮಾಡುವುದು ಶುರುವಾಗಿತ್ತು. ಮಾವನ ಕಾಲದಲ್ಲಿ ಹಾಗಿರಲಿಲ್ಲ. ಅವರ ಹೆಂಡತಿ, ನಾವು ಮಾಮಿ ಎಂದು ಕರೆಯುತ್ತಿದ್ದವರು, ಕನ್ಯಾನದ ತಮ್ಮ ತಾಯಿಮನೆಯಲ್ಲೇ ಮಕ್ಕಳೊಂದಿಗೆ ಇದ್ದರು. ಮಾವ ಎರಡು ಕಡೆಯೂ ಇರಲಿಲ್ಲ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಗಲ್ಲಾದಲ್ಲಿ ಕೂರುವವರೆಗೆ ಎಲ್ಲ ಮಾಡಿ, ಹಿಂದಿನ ದೀಪಾವಳಿಗಷ್ಟೇ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಯಜಮಾನರಾದ್ದರಿಂದ ನಮ್ಮ ಮನೆಯಲ್ಲಿ ಉಳಿದರು. ಕನ್ಯಾನಕ್ಕೆ ಒಂದೆರಡು ಸಲ ಹೋಗಿ, ಒಂದು ರಾತ್ರಿ ಇದ್ದು, ಬಂದಿದ್ದರು ಅಷ್ಟೆ. ಅದರಲ್ಲಿ ವಿಚಿತ್ರವೇನೂ ನಮಗೆ ಕಂಡಿರಲಿಲ್ಲ.

"ಹಗಲು ಬರಲಿ, ಹಗಲೇ ಹೋಗಲಿ. ಕೆಲಸಕ್ಕೆ ಆಟಿ ಉಂಟಾ?" ಎಂದರು ಮಾವ. ಅಮ್ಮ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಆ ಮಾತಿಗೆ ನಾನು ಅವರಿಗೆ ಕೈಮುಗಿಯಬೇಕಿತ್ತು. ಆದರೆ ಅದೇ ಉಸಿರಿಗೆ ಅವರು ಇವರ ಕಡೆ ತಿರುಗಿ, "ನನ್ನ ಮಾತು ನೆನಪುಂಟಲ್ಲ? ಸೋಣಕ್ಕೆ ಕಳಿಸ್ತೇನೆ ಅಂತ ಹೋಟೆಲಿನ ಧಣಿಗಳಿಗೆ ಹೇಳಿ ಆಗಿದೆ" ಎಂದರು.

ಅದೇ ನನ್ನ ಹೊಟ್ಟೆಯಲ್ಲಿದ್ದ ಕೆಂಡ. ತಾವು ಬಿಟ್ಟುಬಂದ ಗಲ್ಲಾದ ಕೆಲಸವನ್ನು ಮಾವ ನನ್ನ ಗಂಡನಿಗೆ ಮಾತಾಡಿಟ್ಟಿದ್ದರು. ಹಳೆ ಕಾರು ನಂಬಿ ಬದುಕುವುದಕ್ಕಾಗುತ್ತದೆಯೇ, ಬೊಂಬಾಯಿಯಾದರೆ ತಲೆಯ ಮೇಲೆ ಮಾಡು, ಹೊತ್ತಿಗೆ ಊಟ, ತಿಂಗಳಿಗೆ ಸಂಬಳ ಎಂದು ಅವರ ವಾದ. ಅಮ್ಮನಿಗಂತೂ ಬೊಂಬಾಯಿ ಅಳಿಯ ಎಂದರೆ ಊರಲ್ಲಿ ತಲೆಯೆತ್ತಿ ನಡೆಯುವ ವಿಷಯ. ಇವರು ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಕಾರು ಎದ್ದರೆ ನೋಡುವ, ಏಳದಿದ್ದರೆ ಹೋಗುವುದೇ ಎಂದಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನನಗೆ ಗಂಡ ಬೇಕು, ಬೊಂಬಾಯಿ ಬೇಡ. ಈಗ ಹೇಳುವುದು ಸುಲಭ. ಆಗ ಬಾಯಲ್ಲಿದ್ದ ಆ ಮಾತನ್ನು ನುಂಗಿ ಮೊರವನ್ನು ಬದಿಗಿಟ್ಟು, "ಎಲ್ಲಿ, ಬಿಚ್ಚಿ ನೋಡುವ" ಎಂದೆ.

ಬಿಚ್ಚುವುದೇ ಒಂದು ದಿನದ ಕೆಲಸವಾಯಿತು. ಹಿಂದಿನಿಂದ ಎರಡು ಉದ್ದದ ಬೋಲ್ಟುಗಳನ್ನು ಕಳಚಿದರೆ ಮುಚ್ಚಳ ಬರುತ್ತದೆ. ಒಳಗೆ ತಿರುಗುವ ಭಾಗಕ್ಕೆ ಆರ್ಮೇಚರ್ ಎನ್ನುತ್ತಾರೆ. ಅದನ್ನು ಮೆಲ್ಲ ಹೊರಗೆ ಎಳೆಯಬೇಕು. ಅದು ಸರಿಯಿತ್ತು. ಸುಟ್ಟದ್ದು ಡಬ್ಬಿಯ ಒಳಗೋಡೆಗೆ ಅಂಟಿ ಕೂತ ಎರಡು ತಂತಿಯ ಸುರುಳಿಗಳು. ಒಂದೊಂದು ಸುರುಳಿಯನ್ನೂ ಒಂದು ಕಬ್ಬಿಣದ ತುಂಡು ಒಳಗಿನಿಂದ ಗೋಡೆಗೆ ಒತ್ತಿ ಹಿಡಿದಿತ್ತು, ಅದಕ್ಕೆ ಹೊರಗಿನಿಂದ ದಪ್ಪ ಸ್ಕ್ರೂ. ಆ ಸ್ಕ್ರೂ ಜಪ್ಪಯ್ಯ ಎಂದರೂ ತಿರುಗಲಿಲ್ಲ. ತೆಂಗಿನೆಣ್ಣೆ ಬಿಟ್ಟು ಕಾದು, ಸುತ್ತಿಗೆಯಲ್ಲಿ ತಟ್ಟಿ, ಕೊನೆಗೆ ನಾನು ಡಬ್ಬಿಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಇವರು ತಿರುಗಿಸಿದ ಮೇಲೆ ಕಿರ್ ಎಂದಿತು. ಅಷ್ಟು ಹತ್ತಿರದಿಂದ ನಾನು ಇವರ ಮುಖವನ್ನು ಹಗಲಲ್ಲಿ ನೋಡಿದ್ದು ಅದೇ ಮೊದಲು. ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು ಇತ್ತು. ಎಂತದು ಎಂದು ಕೇಳಿದೆ. ಹ್ಯಾಂಡಲ್ ಹೊಡೆದು ಕಾರು ಸ್ಟಾರ್ಟ್ ಮಾಡುವಾಗ ಹ್ಯಾಂಡಲೇ ತಿರುಗಿ ಹೊಡೆದದ್ದು ಎಂದರು. ಗಂಡ ಹೆಂಡತಿಯ ಮೊದಲ ನಿಜವಾದ ಮಾತುಕತೆ ಅದು ಎಂದರೆ ನಗಬೇಡಿ.

ಹೊಸದಾಗಿ ಸುತ್ತಬೇಕಾದರೆ ಹಳೆಯದರಲ್ಲಿ ಎಷ್ಟು ಸುತ್ತಿತ್ತು ಎಂದು ತಿಳಿಯಬೇಕಲ್ಲ. ಹಳೆ ತಂತಿ ಬಿಚ್ಚುತ್ತ ಎಣಿಸಬೇಕು. ನಾನು ಎಣಿಕೆಯಲ್ಲಿ ಹಿಂದೆ ಬಿದ್ದವಳಲ್ಲ. ಬೀಡಿ ಕಟ್ಟುವವಳ ಬೆರಳೇ ಎಣಿಸುತ್ತದೆ, ಇಪ್ಪತ್ತೈದಕ್ಕೆ ಒಂದು ಕಟ್ಟು. ಆದರೆ ಕಟ್ಟುಗಳ ಲೆಕ್ಕ ಇಡುವುದಕ್ಕೆ ಏನಾದರೂ ಬೇಕು. ಜಗಲಿಯ ಮೂಲೆಯಲ್ಲಿ ಚೆನ್ನೆಮಣೆ ಇತ್ತು. ಆಟಿಯಲ್ಲಿ ಅದನ್ನು ಅಟ್ಟದಿಂದ ಇಳಿಸುತ್ತಾರೆ, ಬೇರೆ ದಿನಗಳಲ್ಲಿ ಆಡುವ ಕ್ರಮವಿಲ್ಲ. ಎರಡು ಸಾಲು ಗುಳಿಗಳ ಮರದ ಮಣೆ, ಆಡಲು ಕೆಂಪು ಮಂಜೊಟ್ಟಿ ಕಾಯಿಗಳು. ಇಪ್ಪತ್ತೈದು ಸುತ್ತಿಗೆ ಒಂದು ಕಾಯಿ, ನಾಲ್ಕು ಕಾಯಿಯಾದರೆ ಮುಂದಿನ ಗುಳಿ ಎಂದು ನಾನೇ ನಿಯಮ ಮಾಡಿದೆ. ಇವರು ಮೆಚ್ಚಿದರು. ಬಾಯಲ್ಲಿ ಹೇಳಲಿಲ್ಲ, ಬೀಡಿಯೊಂದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ನಕ್ಕರು.

ಹಳೆಯ ತಂತಿಯ ತುಂಡನ್ನು ಮಾದರಿಗೆ ಹಿಡಿದುಕೊಂಡು ಇವರು ಮೂಡಬಿದ್ರೆಗೆ ಹೋದರು. ಅಲ್ಲಿ ಪಂಪು, ಫ್ಯಾನು ಕಟ್ಟುವ ಒಂದು ಅಂಗಡಿಯಲ್ಲಿ ಅದೇ ದಪ್ಪದ ತಂತಿ ಸಿಕ್ಕಿತು. ಮೇಲೆ ಎನಾಮಲ್ ಬಳಿದ ತಾಮ್ರ. ನೋಡಲು ಹೊಸ ಬೆಲ್ಲದ ಬಣ್ಣ. ಬಣ್ಣ ಒಂದು ಕಡೆ ಕೆರೆದರೂ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಮತ್ತೆ ಸುಟ್ಟು ಹೋಗುತ್ತದೆ, ಉಗುರು ತಾಗಿಸಬೇಡ ಎಂದರು ಇವರು. ನಾನು ಆ ದಿನವೇ ಉಗುರು ಕತ್ತರಿಸಿದೆ. ಬೀಡಿ ಎಲೆಯ ತುದಿ ಮಡಚಲಿಕ್ಕೆ ಉಗುರು ಬೇಕು; ಆದ್ದರಿಂದ ಆ ವಾರ ನನ್ನ ಬೀಡಿ ಚೆನ್ನಾಗಿ ಆಗಲಿಲ್ಲ, ಕಟ್ಟಿದ ಬೀಡಿ ಕೊಟ್ಟುಬರುವ ಬ್ರಾಂಚಿನಲ್ಲಿ ಬೈಸಿಕೊಂಡೆ.

ಹಲಸಿನ ಮರದ ತುಂಡೊಂದನ್ನು ಇವರು ಸುರುಳಿಯ ಅಳತೆಗೆ ಕೆತ್ತಿ ಅಚ್ಚು ಮಾಡಿದರು. ನಾನು ಅದರ ಮೇಲೆ ತಂತಿ ಸುತ್ತುವುದು, ಇವರು ಎದುರು ಕೂತು ಉಂಡೆಯನ್ನು ಹಿಡಿದು ಸಡಿಲ ಬಿಡುವುದು. ಎಳೆತ ಒಂದೇ ಸಮ ಇರಬೇಕು. ಬಿಗಿಯಾದರೆ ಹರಿಯುತ್ತದೆ, ಸಡಿಲವಾದರೆ ಉಬ್ಬುತ್ತದೆ. ಮೊದಲು ನಾನು ಎಳೆದಾಗ ಇವರು ತಡೆಯುವುದು, ಇವರು ಬಿಟ್ಟಾಗ ನಾನು ಎಳೆಯದೆ ಕೂರುವುದು ಆಯಿತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರ ಕೈಗೂ ಹದ ಸಿಕ್ಕಿತು. ಮಾತಾಡುವ ಹಾಗಿಲ್ಲ, ಎಣಿಕೆ ತಪ್ಪುತ್ತದೆ. ಆದ್ದರಿಂದ ಸುಮ್ಮನೆ ಎದುರುಬದುರು ಕೂತಿದ್ದೆವು. ಅಷ್ಟು ಸುಖದ ಮಧ್ಯಾಹ್ನಗಳು ನನ್ನ ಬಾಳಿನಲ್ಲಿ ಹೆಚ್ಚು ಬಂದಿಲ್ಲ. ಮೊದಲ ಸುರುಳಿ ಲಕ್ಷಣವಾಗಿ ಕೂತಿತು. ಅಮ್ಮನ ಹಳೆ ಹತ್ತಿ ಸೀರೆಯನ್ನು ಪಟ್ಟಿ ಹರಿದು ಅದಕ್ಕೆ ಸುತ್ತಿದೆವು.

ಎರಡನೆಯ ಸುರುಳಿಯ ದಿನ ಮಾವ ಜಗಲಿಗೆ ಬಂದು ಕೂತರು. ಅವರಿಗೆ ಬೊಂಬಾಯಿಯ ವಿಷಯ ಹೇಳದೆ ಎಲೆ ಅಡಿಕೆ ರುಚಿಸುತ್ತಿರಲಿಲ್ಲ.

"ಮಂಗಳೂರಿನಿಂದ ಹಡಗಿನಲ್ಲಿ ಹೋಗುವುದೇ ಒಳ್ಳೆಯದು ಅಂತಿದ್ದೆವು ನಾವು ಮೊದಲೆಲ್ಲ. ಈಗ ಮಳೆಗೆ ಹಡಗು ಇಲ್ಲ. ನೀನು ಬಸ್ಸಿನಲ್ಲೇ ಹೋಗು. ಹೋದವ ಎರಡು ವರ್ಷ ಊರಿನ ಸುದ್ದಿ ಎತ್ತಬಾರದು. ಮೊದಲ ರಜೆ ಎರಡು ವರ್ಷಕ್ಕೆ. ಆಮೇಲೆ ಅಭ್ಯಾಸ ಆಗ್ತದೆ."

"ಯಾರಿಗೆ?" ಎಂದು ನಾನು ಕೇಳಿದೆ. ಕೇಳಬಾರದಿತ್ತು, ಎಣಿಸುತ್ತಿದ್ದೆ.

"ಎಲ್ಲರಿಗೂ" ಎಂದರು ಮಾವ.

ಎರಡು ವರ್ಷ ಎಂಬ ಮಾತು ನನ್ನ ತಲೆಯೊಳಗೆ ತಿರುಗತೊಡಗಿತು. ಕೈ ಸುತ್ತುತ್ತಲೇ ಇತ್ತು, ಕಾಯಿ ಗುಳಿಗೆ ಬೀಳುತ್ತಲೇ ಇತ್ತು. ಸುರುಳಿ ಮುಗಿಯಿತು, ಪಟ್ಟಿ ಸುತ್ತಿಯೂ ಆಯಿತು. ಇವರು ಅದನ್ನು ಡಬ್ಬಿಯೊಳಗೆ ಕೂರಿಸಲು ಹೋದರೆ ಕೂರುವುದಿಲ್ಲ. ಕಬ್ಬಿಣದ ತುಂಡು ಗೋಡೆಗೆ ತಾಗುವುದಿಲ್ಲ, ಸ್ಕ್ರೂ ಹಲ್ಲು ಹಿಡಿಯುವುದಿಲ್ಲ. ಸುರುಳಿ ದಪ್ಪವಾಗಿತ್ತು. ಲೆಕ್ಕ ನೋಡಿದರೆ ಮಣೆಯಲ್ಲಿ ಕಾಯಿ ಸರಿಯಾಗಿಯೇ ಇತ್ತು. ಹಾಗಾದರೆ ಎಲ್ಲಿ ಹೆಚ್ಚಾಯಿತು?

ನಾನು ಎದ್ದಾಗ ಗೊತ್ತಾಯಿತು. ನನ್ನ ಮೊಣಕಾಲಿನ ಹತ್ತಿರ, ಸೆರಗಿನ ಅಡಿಯಲ್ಲಿ, ಮಂಜೊಟ್ಟಿಯ ಸಣ್ಣ ರಾಶಿ. ಚೆನ್ನೆ ಆಡುವಾಗ ಗುಳಿಯಲ್ಲಿ ನಾಲ್ಕು ಕಾಯಿ ತುಂಬಿದರೆ ಅದನ್ನು ಗೋರಿ ನಮ್ಮ ಬದಿಗೆ ಹಾಕಿಕೊಳ್ಳುವುದು ಕ್ರಮ. ಲಂಗ ಉಡುವ ವಯಸ್ಸಿನಿಂದ ಆಡಿದ ಕೈ ಅದು. ಮನಸ್ಸು ಬೊಂಬಾಯಿಗೆ ಹೋಗಿದ್ದಾಗ ನಾಲ್ಕು ಕಂಡ ಕಡೆ ಗೋರಿಕೊಂಡಿತ್ತು. ಗುಳಿ ಖಾಲಿ ಕಂಡದ್ದರಿಂದ ಮತ್ತೆ ಅಷ್ಟು ಸುತ್ತು ಸುತ್ತಿದ್ದೆ. ಒಂದು ಸಲವಲ್ಲ, ಹಲವು ಸಲ.

"ಆಟದಲ್ಲಿ ನೀನೇ ಗೆದ್ದದ್ದು ಹಾಗಾದರೆ" ಎಂದರು ಇವರು, ರಾಶಿಯನ್ನು ನೋಡಿ.

ಮಾವ ಹೊಟ್ಟೆ ಹಿಡಿದು ನಕ್ಕರು. ಅಮ್ಮ ಒಳಗಿನಿಂದ ಬಂದು ನಕ್ಕಳು. ನನಗೆ ಅಳು ಬಂತು. ಬೀಡಿ ಎಲೆ ನೆನೆಸುವ ನೆಪ ಮಾಡಿ ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡೆ. ಇಡೀ ಸುರುಳಿಯನ್ನು ಬಿಚ್ಚಬೇಕು, ತಂತಿ ಹಾಳಾಗದ ಹಾಗೆ ಬಿಚ್ಚಬೇಕು, ಸೋಣಕ್ಕೆ ಹೆಚ್ಚು ದಿನವಿಲ್ಲ. ಇವನನ್ನು ಬೊಂಬಾಯಿಗೆ ಕಳಿಸುವ ಕೆಲಸವನ್ನು ನನ್ನ ಕೈಯೇ ಮಾಡಿತಲ್ಲ ಎನ್ನಿಸಿತು. ಹೌದು, ಮನಸ್ಸಿನಲ್ಲಿ ಇವನು ಎಂದೇ ಬಂತು.

ಬಿಚ್ಚಿದೆವು. ಮರುವಾರ ಮತ್ತೆ ಸುತ್ತಿದೆವು, ಈ ಸಲ ಚೆನ್ನೆಮಣೆ ಇಲ್ಲದೆ. ನಾನು ಇಪ್ಪತ್ತೈದು ಎಂದಾಗ ಇವರು ಸುಣ್ಣದಲ್ಲಿ ಕಂಬಕ್ಕೆ ಗೀರು ಎಳೆದರು. ಮಾವನಿಗೆ ಜಗಲಿಗೆ ಬರಬೇಡಿ ಎಂದು ಅಮ್ಮನ ಮೂಲಕ ಹೇಳಿಸಿದೆ. ಅವರು ಒಳಗಿನಿಂದಲೇ ಕೆಮ್ಮುತ್ತ ತಾವಿದ್ದೇವೆ ಎಂದು ತಿಳಿಸುತ್ತಿದ್ದರು. ನಡುವೆ ಆಟಿ ಅಮಾವಾಸ್ಯೆ ಬಂತು. ಆ ದಿನ ಬೆಳಗ್ಗೆ ಹಾಳೆ ಮರದ ತೊಗಟೆಯ ಕಷಾಯ ಎಲ್ಲರೂ ಕುಡಿಯಬೇಕು. ವಿಷದಷ್ಟು ಕಹಿ. ಇವರು ಬರುವಾಗ ಮಧ್ಯಾಹ್ನವಾಗಿತ್ತು, ತಮ್ಮ ಮನೆಯಲ್ಲಿ ಕುಡಿದೇ ಬಂದಿದ್ದರು. ಆದರೂ ಮಾವ ಎತ್ತಿಟ್ಟ ಒಂದು ಲೋಟವನ್ನು ತಂದು ಮುಂದೆ ಹಿಡಿದು, ಇವರು ಕುಡಿದು ಮುಗಿಸುವವರೆಗೆ ನಿಂತರು. ಪ್ರೀತಿಯಿಂದಲೇ ಹಾಗೆ ಮಾಡಿದ್ದು. ಅವರ ಪ್ರೀತಿಯೆಲ್ಲ ಆ ತರದ್ದೇ.

ಸುತ್ತಿದ ಸುರುಳಿಗೆ ಬಡಗಿಗಳು ಮರಕ್ಕೆ ಬಳಿಯುವ ಅರಗಿನ ಪಾಲಿಶು ಕುಡಿಸಿ ಒಣಗಿಸಬೇಕಿತ್ತು. ಆ ಮಳೆಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಬುಟ್ಟಿಯ ಪಕ್ಕ ಇಟ್ಟೆ. ಗಟ್ಟಿಯಾಗಿ, ಕಲ್ಲಿನ ಹಾಗೆ ಒಣಗಿತು. ಮೀನಿನ ವಾಸನೆಯನ್ನೂ ಹಿಡಿದುಕೊಂಡಿತು. ಮುಂದೆ ಎಷ್ಟೋ ದಿನ ಕಾರು ಬಿಸಿಯಾದಾಗ ಬಂಗುಡೆ ಹುರಿದ ಪರಿಮಳ ಬರುತ್ತಿತ್ತಂತೆ. ಮೂಡಬಿದ್ರೆಯ ಜೈನರೊಬ್ಬರು ಅರ್ಧ ದಾರಿಯಲ್ಲಿ ಇಳಿದು ಬಸ್ಸು ಹಿಡಿದರೆಂದು ಇವರು ಹೇಳುತ್ತಿದ್ದರು. ಇವರು ಹೇಳಿದ್ದನ್ನೆಲ್ಲ ನಾನು ನಂಬುವವಳಲ್ಲ.

ಬಾಕಿ ಕೆಲಸ ಇವರದು. ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳು ಸಾಲಾಗಿ ಇರುತ್ತವೆ. ಅವುಗಳ ನಡುವಿನ ಸಂದಿಯಲ್ಲಿ ತುಂಬಿದ ಕರಿಯನ್ನು ಮುರಿದ ಗರಗಸದ ಅಲಗಿನಿಂದ ಕೆರೆದು ತೆಗೆದರು. ಅದಕ್ಕೆ ನನ್ನ ಎಲೆ ಕತ್ತರಿಸುವ ಕತ್ತರಿ ಕೇಳಿದರು, ನಾನು ಕೊಡಲಿಲ್ಲ. ಆ ಪಟ್ಟಿಗಳಿಗೆ ತಾಗಿ ನಿಲ್ಲುವ, ಸವೆದ ಕಾರ್ಬನ್ ತುಂಡುಗಳ ಬದಲು ಬೇರೆ ಹಾಕಿದರು. ಎಲ್ಲ ಜೋಡಿಸಿ, ಬಂಟ್ವಾಳದಲ್ಲಿ ಚಾರ್ಜು ಮಾಡಿಸಿದ ಬ್ಯಾಟರಿಯನ್ನು ತಂದು ಜಗಲಿಯಲ್ಲಿಟ್ಟು ಎರಡು ತಂತಿ ತಾಗಿಸಿದರು. ಸರಿಯಿರುವ ಡೈನಮೋಗೆ ಹೀಗೆ ಕರೆಂಟು ಕೊಟ್ಟರೆ ಅದು ತಾನೇ ತಿರುಗಬೇಕು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಚಕ್ರ ನಿಧಾನವಾಗಿ, ನಿದ್ದೆಯಿಂದ ಎದ್ದ ಹಾಗೆ, ತಿರುಗಿತು. ಅಮ್ಮ ಎರಡು ಹೆಜ್ಜೆ ಹಿಂದೆ ಹೋದಳು. ನಾನು ಅದನ್ನು ನೋಡುತ್ತ ನಿಂತೆ. ಇವರು ಬೊಂಬಾಯಿಗೆ ಹೋಗುವುದಿಲ್ಲ ಎಂದು ಆ ಚಕ್ರವೇ ಹೇಳಿದ ಹಾಗಿತ್ತು.

ಸೋಣದ ಎರಡನೆಯ ದಿನ ಇವರು ಕಾರಿನಲ್ಲೇ ಬಂದರು. ನನ್ನನ್ನು ಕರೆದೊಯ್ಯಲು ಇವರ ಮನೆಯ ಹಿರಿಯರು ಬರುವುದು ಆ ವಾರದ ಕೊನೆಗೆಂದು ಮಾತಾಗಿತ್ತು. ಅದಕ್ಕೆ ಮೊದಲು ದೂರದ ದಾರಿಯಲ್ಲಿ ಓಡಿಸಿ ನೋಡಬೇಕು ಎಂದರು. ಮಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು ಇಂಜಿನಿನ ಸದ್ದು ಕೇಳಿದರು. ಅವರ ಮುಖದಲ್ಲಿ ನಿಜವಾದ ಸಂತೋಷ ಕಂಡಿತು.

"ಒಳ್ಳೆಯದಾಯಿತು. ನಿಂತ ಕಾರಿಗೆ ಬೆಲೆ ಇಲ್ಲ, ಓಡುವ ಕಾರಿಗೆ ಉಂಟು. ಕನ್ಯಾನದಲ್ಲಿ ಒಬ್ಬರು ಕಾರು ಹುಡುಕ್ತಾ ಇದ್ದಾರೆ. ಈಗಲೇ ತೋರಿಸಿ ಬರುವ. ಮಾರಿ ಆದ ಮೇಲೆ ನೀನು ಯಾವ ಚಿಂತೆಯೂ ಇಲ್ಲದೆ ಹೊರಡಬಹುದು."

ತಿಂಗಳಿಡೀ ಉಗುರು ಕತ್ತರಿಸಿಕೊಂಡು, ಬ್ರಾಂಚಿನಲ್ಲಿ ಬೈಸಿಕೊಂಡು, ನಾನು ಇವರ ದಾರಿಖರ್ಚನ್ನು ಸುತ್ತಿ ಕೊಟ್ಟಿದ್ದೆ. ಇವರ ಕಡೆ ನೋಡಿದೆ. ಇವರು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು.

"ನೋಡುವ ಮಾವ" ಎಂದರು.

"ನಾನೂ ಬರ್ತೇನೆ" ಎಂದೆ. ಅಮ್ಮ ಕಣ್ಣು ಬಿಟ್ಟಳು. ನಾನು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಮುಂದೆ ಇವರ ಪಕ್ಕದಲ್ಲಿ ಮಾವ.

ಕಲ್ಲಡ್ಕ, ವಿಟ್ಲ ದಾಟಿ ಕನ್ಯಾನದವರೆಗೆ ನಾನು ಇಂಜಿನಿನ ಸದ್ದನ್ನೇ ಕೇಳುತ್ತ ಕೂತೆ. ಕಾರು ಒಂದು ಕಡೆಯೂ ಕೆಮ್ಮಲಿಲ್ಲ. ಕಾರು ಕೊಳ್ಳುವವರ ಮನೆ ಪೇಟೆಯಿಂದ ಆಚೆ. ಮಾಮಿಯ ಮನೆ ಈಚೆ. ಊಟದ ಹೊತ್ತಾದ್ದರಿಂದ ಮೊದಲು ಅಲ್ಲಿಗೇ ಹೋಗುವ ಎಂದರು ಮಾವ. ಅವರು ಅಲ್ಲಿಗೆ ಹೋಗದೆ ಕೆಲವು ತಿಂಗಳುಗಳೇ ಆಗಿದ್ದವು.

ಕಾರಿನ ಸದ್ದಿಗೆ ಮಾಮಿ ಹೊರಗೆ ಬಂದರು. ಸಣಕಲು ಹೆಂಗಸು, ಕೈಯಲ್ಲಿ ಗೆರಸೆ ಇತ್ತು. ಮಾವನನ್ನು ಕಂಡದ್ದೇ ಗೆರಸೆಯನ್ನು ಬದಿಗಿಟ್ಟು ಸೆರಗು ಸರಿಮಾಡಿಕೊಂಡರು. ಒಳಗಿನಿಂದ ಕುರ್ಚಿ ತಂದು, ಅದನ್ನು ಸೆರಗಿನ ತುದಿಯಲ್ಲಿ ಒರೆಸಿ ಇಟ್ಟರು. ನಮಗೆ ಚಾಪೆ ಹಾಸಿದರು. ಆಮೇಲೆ ಬೆಲ್ಲ, ನೀರು ತಂದರು. ಮನೆಗೆ ಬಂದ ನೆಂಟರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಮರ್ಯಾದೆ. ನನಗೂ ಇವರಿಗೂ ಕೊಟ್ಟದ್ದು ಸರಿ. ಮಾವನ ಮುಂದೆಯೂ ಅದೇ ತಟ್ಟೆಯನ್ನು, ಅದೇ ವಿನಯದಿಂದ ಬಗ್ಗಿ ಇಟ್ಟರು. ಇಟ್ಟು, ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು, ನೆಂಟರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು:

"ಈ ಸಲ ರಜೆ ಎಷ್ಟು ದಿನ ಉಂಟು?"

ಮಾವ ಕೆಲಸ ಬಿಟ್ಟು ಬಂದದ್ದು ಮಾಮಿಗೆ ಗೊತ್ತಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಮದುವೆಯಾದಂದಿನಿಂದ ಗಂಡ ಆ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ಕೇಳಿದ ಮಾತು ಅದು. ಬೇರೆ ಯಾವ ಮಾತಿನಿಂದ ಶುರುಮಾಡಬೇಕೆಂದು ಅವರ ನಾಲಿಗೆಗೆ ತಿಳಿದಿರಲಿಲ್ಲ. ಕೇಳಿದ ಮೇಲೆ ಅವರಿಗೇ ಗೊತ್ತಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ಕೈಗೆತ್ತಿಕೊಂಡಿದ್ದ ಬೆಲ್ಲದ ಚೂರನ್ನು ತಿರುಗಿ ತಟ್ಟೆಗೆ ಹಾಕಿದರು.

"ರಜೆ ಅಲ್ಲ" ಎಂದರು. "ನಾನು ಬಂದೇ ಆಯಿತಲ್ಲ."

"ಹೌದಲ್ಲ" ಎಂದರು ಮಾಮಿ. "ನನಗೆ ಎಂತದೋ ಮರೆತು ಹೋಯಿತು." ಮತ್ತೆ ಅಡುಗೆಮನೆಗೆ ಹೋದರು.

ಊಟಕ್ಕೆ ಕೂತಾಗ ಮಾವನಿಗೆ ಹುಳಿ ಕಡಿಮೆ ಬೇಕೋ ಹೆಚ್ಚು ಬೇಕೋ ಎಂದು ಮಾಮಿ ಕೇಳಿ ಕೇಳಿ ಬಡಿಸಿದರು. ಅದೂ ಅವರಿಗೆ ಗೊತ್ತಿರಲಿಲ್ಲ. ಇವರು ತಲೆ ಎತ್ತದೆ ಉಂಡರು. ಬೊಂಬಾಯಿಯಿಂದ ಬಂದ ಮೇಲೆ ದಿನಕ್ಕೆ ಹತ್ತು ಸಲ ಆ ಊರಿನ ಕತೆ ಹೇಳುತ್ತಿದ್ದ ಮಾವನ ಬಾಯಿಂದ ಆ ಊಟದಲ್ಲಿ ಅದರ ಹೆಸರೂ ಬರಲಿಲ್ಲ.

ಹೊರಡುವಾಗ ಮಾವ ನಮ್ಮ ಜೊತೆ ಕಾರಿನವರೆಗೆ ಬಂದರು. ಇವರು ಮುಂದಿನ ಬಾಗಿಲು ತೆರೆದು ಹಿಡಿದರು. ಮಾವ ಹತ್ತಲಿಲ್ಲ. ಬಾಗಿಲನ್ನು ಹೊರಗಿನಿಂದಲೇ ಹಾಕಿದರು.

"ನೀವು ಸೀದಾ ಮನೆಗೆ ಹೋಗಿ. ಕಾರು ಯಾರಿಗೂ ತೋರಿಸುವುದು ಬೇಡ" ಎಂದರು. ಮತ್ತೆ ಇವರ ಕಡೆಗೆ ಬಗ್ಗಿ, "ಧಣಿಗಳಿಗೆ ನಾನು ತಿಳಿಸ್ತೇನೆ, ಹುಡುಗ ಬರುವುದಿಲ್ಲ ಅಂತ" ಎಂದರು.

"ಆಯಿತು ಮಾವ" ಎಂದರು ಇವರು. ಅಷ್ಟು ಬೇಗ ಇವರು ಯಾವುದಕ್ಕೂ ಆಯಿತು ಎಂದದ್ದನ್ನು ನಾನು ಆಮೇಲೂ ಕಂಡಿಲ್ಲ.

"ನೀವು ಯಾವಾಗ ಬರುವುದು ಅಂತ ಅಮ್ಮನಿಗೆ ಏನು ಹೇಳಲಿ?" ಎಂದು ನಾನು ಕೇಳಿದೆ.

ಮಾವ ತಿರುಗಿ ಮನೆಯ ಕಡೆ ನೋಡಿದರು. ಮಾಮಿ ಜಗಲಿಯ ಕುರ್ಚಿಯನ್ನು ಒಳಗೆ ಇಡಲೋ ಬಿಡಲೋ ಎಂದು ತಿಳಿಯದೆ ಅದರ ಬೆನ್ನು ಹಿಡಿದು ನಿಂತಿದ್ದರು.

"ಗೊತ್ತಿಲ್ಲ ಅಂತ ಹೇಳು" ಎಂದರು ಮಾವ.

ಕಾರು ಹೊರಟಿತು. ಇವರು ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಮುಂದೆ ಬಂದು ಕೂತುಕೋ ಎಂದರು. ಬಂದು ಕೂತೆ. ಗೆದ್ದೆ ಎಂದು ಕುಣಿಯಬೇಕಾದ ಹೊತ್ತು ಅದು, ತಿಂಗಳಿಡೀ ಬೇಡಿಕೊಂಡದ್ದು ಕೈಗೆ ಬಂದಿತ್ತು. ಆದರೆ ನಾನು ವಿಟ್ಲದ ಪೇಟೆ ಬರುವವರೆಗೂ ಅಳುತ್ತಲೇ ಇದ್ದೆ. ಯಾಕೆ ಎಂದು ಇವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಮಾಮಿಯೂ ಒಂದು ಕಾಲದಲ್ಲಿ ನನ್ನ ಹಾಗೆಯೇ ಇದ್ದಿರಬೇಕು, ಗಂಡ ಬೇಕು ಎಂದು ಬಾಯಿಬಿಡದೆ ನುಂಗಿಕೊಂಡಿರಬೇಕು. ಇನ್ನು ಕೆಲವು ವರ್ಷ ಹೋಗಿದ್ದರೆ, ರಜೆ ಎಷ್ಟು ದಿನ ಉಂಟು ಎಂಬ ಮಾತು ನನ್ನ ಬಾಯಿಂದಲೂ ಅಷ್ಟೇ ಸರಾಗವಾಗಿ ಬರುತ್ತಿತ್ತು.